‘ರೋಟ್’ ಎಂಬ ಪದವೂ ನಮ್ಮ ಬಾಯಿಪಾಠವೂ

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠದ ವೇಳೆ ನಡೆದ ಒಂದು ಸಣ್ಣ ಸಂಗತಿಯಿಂದ ಈ ಬರಹವನ್ನು ಆರಂಭಿಸುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕುರಿತು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬಂದಿದ್ದ ಲೇಖನದ ಭಾಗವೊಂದನ್ನು ನಾವು ಮಕ್ಕಳಿಗೆ ಓದಿ ಹೇಳುತ್ತಿದ್ದೆವು. ಅದರಲ್ಲಿ ‘ರೋಟ್ ಲರ್ನಿಂಗ್’ ಎಂಬ ಮಾತು ನಾಲ್ಕೈದು ಕಡೆ ಬಂದಿತ್ತು. ನಾವು ಅದನ್ನು ಕರಿಹಲಗೆಯ ಮೇಲೆ ಬರೆದು, “ರೋಟ್ ಲರ್ನಿಂಗ್ ಎಂದರೆ ಅರ್ಥ ತಿಳಿಯದೆ ಬಾಯಿಪಾಠ ಮಾಡುವುದು” ಎಂದೆವು. ಮಕ್ಕಳು ವಾಡಿಕೆಯಂತೆ ಅದನ್ನು ಒಂದೇ ಕಂಠದಿಂದ ಮೂರು ಸಲ ಹೇಳಿದರು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಾಸ್ಟ್ರೇ, ಬಾಯಿಪಾಠ ಎಂಬುದರಲ್ಲಿ ಬಾಯಿ ಉಂಟು, ಪಾಠ ಉಂಟು. ರೋಟ್ ಎಂಬುದರಲ್ಲಿ ಎಂತ ಉಂಟು?” ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಉತ್ತರವೂ ಸಿದ್ಧವಾಗಿತ್ತು. ಲ್ಯಾಟಿನ್ ಭಾಷೆಯಲ್ಲಿ ‘ರೋಟ’ ಎಂದರೆ ಚಕ್ರ; ಒಂದೇ ಮಾತನ್ನು ಚಕ್ರದಂತೆ ತಿರುತಿರುಗಿ ಹೇಳುವುದರಿಂದ ‘ರೋಟ್’ ಎಂಬ ಹೆಸರು ಬಂತು ಎಂದು ವಿವರಿಸಿದೆವು. ಮಕ್ಕಳು ತಲೆಯಾಡಿಸಿ ಬರೆದುಕೊಂಡರು. ನಾವು ವಿದ್ಯಾರ್ಥಿಗಳಾಗಿದ್ದಾಗ ನಮ್ಮ ಗುರುಗಳು ಹೇಳಿದ್ದೂ ಇದನ್ನೇ. ಅಂದು ಸಂಜೆ ಮನೆಗೆ ಹೋದ ಮೇಲೆ, ಯಾಕೋ ಸಮಾಧಾನವಾಗದೆ, ದೊಡ್ಡ ನಿಘಂಟನ್ನು ತೆಗೆದು ನೋಡಿದೆವು. ನೋಡಿದರೆ ನಮ್ಮ ಉತ್ತರಕ್ಕೆ ಆಧಾರವೇ ಇರಲಿಲ್ಲ. ಇಷ್ಟು ವರ್ಷ ನಾವು ಆ ವಿವರಣೆಯನ್ನು ಯಾರನ್ನೂ ಕೇಳದೆ, ಎಲ್ಲಿಯೂ ನೋಡದೆ, ಬರಿಯ ಬಾಯಿಪಾಠವಾಗಿ ಹೊತ್ತು ತಿರುಗಿದ್ದೆವು. ‘ರೋಟ್’ ಎಂಬ ಪದದ ಕಥೆಯನ್ನೇ ನಾವು ‘ರೋಟ್’ ಆಗಿ ಕಲಿತಿದ್ದೆವು!

ಮರುದಿನ ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡೆವು. ಆ ಹುಡುಗಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಸ್ವಲ್ಪ ವಿಸ್ತಾರವಾಗಿ ಎಲ್ಲ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇವೆ.

ಪದದ ರೂಪ ಮತ್ತು ಬಳಕೆ

‘ರೋಟ್’ ನಾಲ್ಕು ಅಕ್ಷರಗಳ ಚಿಕ್ಕ ಪದ: ಆರ್, ಓ, ಟಿ, ಇ. ಕಿವಿಗೆ ಇದು ‘ಬರೆದನು’ ಎಂಬ ಅರ್ಥದ ಇನ್ನೊಂದು ‘ರೋಟ್’ನಂತೆಯೇ ಕೇಳಿಸುತ್ತದೆ. ಆದರೆ ಆ ಪದದ ಮೊದಲಲ್ಲಿ ಉಚ್ಚಾರವಾಗದ ‘ಡಬ್ಲ್ಯು’ ಅಕ್ಷರವಿದೆ. ಉಕ್ತಲೇಖನದಲ್ಲಿ ಇವೆರಡನ್ನೂ ಅದಲು ಬದಲು ಮಾಡಿ ಅಂಕ ಕಳೆದುಕೊಳ್ಳುವವರು ಇದ್ದಾರೆ, ಎಚ್ಚರವಿರಲಿ.

ಈ ಪದ ಒಂಟಿಯಾಗಿ ಕಾಣಿಸಿಕೊಳ್ಳುವುದು ಅಪರೂಪ. ಒಂದೋ ‘ಬೈ ರೋಟ್’ ಎಂದು ಬರುತ್ತದೆ, ಇಲ್ಲವೇ ‘ರೋಟ್ ಲರ್ನಿಂಗ್’ ಎಂದು ಇನ್ನೊಂದು ಪದದ ಮುಂದೆ ವಿಶೇಷಣವಾಗಿ ನಿಲ್ಲುತ್ತದೆ. ‘ಲರ್ನ್ ಬೈ ರೋಟ್’ ಎಂದರೆ ಅರ್ಥದ ಕಡೆ ಗಮನವಿಲ್ಲದೆ, ಯಂತ್ರದ ಹಾಗೆ, ಮತ್ತೆ ಮತ್ತೆ ಹೇಳಿ ನೆನಪಿಟ್ಟುಕೊಳ್ಳುವುದು. ಇದರ ನೆರೆಯಲ್ಲಿಯೇ ‘ಲರ್ನ್ ಬೈ ಹಾರ್ಟ್’ ಎಂಬ ಮಾತಿದೆ. ಅದರಲ್ಲಿ ನಿಂದೆ ಇಲ್ಲ. ಒಂದು ಪದ್ಯವನ್ನು ಪ್ರೀತಿಯಿಂದ, ಅರ್ಥವನ್ನು ಸವಿಯುತ್ತ ಕಂಠಸ್ಥ ಮಾಡಿಕೊಂಡರೂ ಅದು ‘ಬೈ ಹಾರ್ಟ್’. ನಮ್ಮ ಮಕ್ಕಳು “ಬೈಹಾರ್ಟ್ ಮಾಡಿದೆ” ಎನ್ನುತ್ತಾರೆ. ಕನ್ನಡದಲ್ಲಿ ಮಾತನಾಡುವಾಗ ಅದು ನಡೆದೀತು. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಬೈ ಹಾರ್ಟ್’ ಎಂಬುದನ್ನು ಕ್ರಿಯಾಪದವನ್ನಾಗಿ ಮಾಡಿ, ಅದಕ್ಕೆ ಭೂತಕಾಲದ ‘ಇಡಿ’ ಹಚ್ಚಿ ‘ಬೈಹಾರ್ಟೆಡ್’ ಎಂದು ಬರೆಯಬಾರದು. ‘ಲರ್ನ್ಟ್ ಬೈ ಹಾರ್ಟ್’ ಎಂದೇ ಬರೆಯಬೇಕು.

ಒಂದೇ ಕಾಗುಣಿತದ ಇನ್ನೂ ಎರಡು ‘ರೋಟ್’ಗಳು ಇಂಗ್ಲಿಷಿನಲ್ಲಿವೆ. ಒಂದು, ಮಧ್ಯಯುಗದ ಯುರೋಪಿನಲ್ಲಿ ನುಡಿಸುತ್ತಿದ್ದ ತಂತಿವಾದ್ಯದ ಹೆಸರು. ಇನ್ನೊಂದು, ಕಡಲ ತೆರೆ ದಡಕ್ಕೆ ಅಪ್ಪಳಿಸುವ ಮೊರೆತ. ಎರಡೂ ಈಗ ಬಳಕೆಯಲ್ಲಿ ತೀರ ವಿರಳ. ಕಾಗುಣಿತ ಒಂದೇ ಎಂದ ಮಾತ್ರಕ್ಕೆ ಇವು ಒಂದೇ ತಾಯಿಯ ಮಕ್ಕಳಲ್ಲ. ನಮ್ಮಲ್ಲಿಯೂ ‘ಹತ್ತು’ ಎಂದರೆ ಸಂಖ್ಯೆಯೂ ಹೌದು, ಮರ ಹತ್ತುವುದೂ ಹೌದು. ಸಂಖ್ಯೆಗೂ ಮರಕ್ಕೂ ನಂಟಿಲ್ಲ.

ಚಕ್ರವೋ, ದಾರಿಯೋ?

ಈಗ ಮೂಲದ ಪ್ರಶ್ನೆಗೆ ಬರೋಣ. ಈ ಪದಕ್ಕೆ ಎರಡು ವಿವರಣೆಗಳು ಬಹುಕಾಲದಿಂದ ಪ್ರಚಾರದಲ್ಲಿವೆ.

ಮೊದಲನೆಯದು ನಾವು ಹೇಳಿದ ಚಕ್ರದ ಕಥೆ. ಲ್ಯಾಟಿನ್ನಿನ ‘ರೋಟ’ ನಿಜವಾಗಿಯೂ ಇರುವ ಪದವೇ, ಮತ್ತು ದೊಡ್ಡ ಮನೆತನದ್ದು. ‘ರೊಟೇಶನ್’, ‘ರೋಟರಿ’ ಮುಂತಾದವು ಅದರಿಂದಲೇ ಬಂದಿವೆ. ಸಂಸ್ಕೃತದ ‘ರಥ’, ಜರ್ಮನ್ ಭಾಷೆಯಲ್ಲಿ ಚಕ್ರಕ್ಕಿರುವ ‘ರಾಡ್’ ಇವೆಲ್ಲ ಅದರ ಬಂಧುಗಳು. ನಮ್ಮೂರ ಜಾತ್ರೆಯ ರಥಕ್ಕೂ ರೋಮಿನ ಚಕ್ರಕ್ಕೂ ಹೀಗೆ ಹಳೆಯ ನಂಟಿದೆ. ಎರಡನೆಯದು ದಾರಿಯ ಕಥೆ. ಹಳೆಯ ಫ್ರೆಂಚಿನಲ್ಲಿ ದಾರಿಗೆ ‘ರೂಟ್’ ಎಂಬ ಪದವಿತ್ತು. ಅದು ಲ್ಯಾಟಿನ್ನಿನ ‘ಒಡೆದದ್ದು’ ಎಂಬ ಅರ್ಥದ ಪದದಿಂದ ಬಂದದ್ದು; ಎಂದರೆ ನೆಲವನ್ನು ಕಡಿದು ಮಾಡಿದ ಹಾದಿ. ದಿನವೂ ಅದೇ ಹಾದಿಯಲ್ಲಿ ನಡೆಯುವುದರಿಂದ ‘ರೊಟೀನ್’ ಎಂಬ ಪದ ಹುಟ್ಟಿತು. ‘ರೋಟ್’ ಸಹ ಅದೇ ಸವೆದ ಹಾದಿಯಿಂದ ಬಂದಿರಬೇಕೆಂದು ಕೆಲವರು ಹೇಳಿದರು.

ಎರಡೂ ಕೇಳಲು ಚೆನ್ನಾಗಿವೆ. ಅರ್ಥಕ್ಕೂ ಸರಿಹೊಂದುತ್ತವೆ. ಆದರೆ ಆಕ್ಸ್‌ಫರ್ಡ್‌ನ ಬೃಹತ್ ಇಂಗ್ಲಿಷ್ ನಿಘಂಟು ಎರಡನ್ನೂ ಆಧಾರವಿಲ್ಲದ ಊಹೆಗಳೆಂದು ತಳ್ಳಿಹಾಕಿದೆ. ಆ ನಿಘಂಟಿನ ಮೊದಲ ಸಂಚಿಕೆ ಅಚ್ಚಾದದ್ದು 1884ರಲ್ಲಿ, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಒಂದೊಂದು ಪದವೂ ಯಾವ ಕಾಲದ ಯಾವ ಬರವಣಿಗೆಯಲ್ಲಿ ಹೇಗೆ ಬಂದಿದೆ ಎಂಬುದನ್ನು ಚೀಟಿಗಳಲ್ಲಿ ಬರೆದು, ಕಾಲಕ್ರಮದಲ್ಲಿ ಜೋಡಿಸಿ ಅದನ್ನು ಕಟ್ಟಿದರು. ಪದದ ಮೂಲವನ್ನು ನಿರ್ಧರಿಸಲು ಧ್ವನಿ ಹೋಲಬೇಕು, ಅರ್ಥ ಹೋಲಬೇಕು. ಇವೆರಡೇ ಸಾಲದು, ನಡುವಿನ ಹೆಜ್ಜೆಗಳಿಗೆ ಬರವಣಿಗೆಯ ಸಾಕ್ಷಿಯೂ ಬೇಕು. ಚಕ್ರ ಎಂಬ ಅರ್ಥದಿಂದ ವಾಡಿಕೆ ಎಂಬ ಅರ್ಥಕ್ಕೆ ಬಂದ ಹೆಜ್ಜೆ ಯಾವ ಹಳೆಯ ಗ್ರಂಥದಲ್ಲಿಯೂ ಸಿಗಲಿಲ್ಲ. ಆದುದರಿಂದ ನಿಘಂಟುಕಾರರು ‘ಮೂಲ ಅಜ್ಞಾತ’ ಎಂದು ಬರೆದು ನಿಲ್ಲಿಸಿದರು. ಮಕ್ಕಳೇ, ಇದನ್ನು ಸೋಲೆಂದು ತಿಳಿಯಬೇಡಿ. ಇಂಪಾದ ಸುಳ್ಳಿಗಿಂತ ‘ತಿಳಿಯದು’ ಎಂಬ ನಾಲ್ಕಕ್ಷರ ಹೆಚ್ಚಿನ ವಿದ್ಯೆ ಎಂದು ನಮಗೆ ಈಗ ತೋರುತ್ತದೆ.

ಹಳೆಯ ಪುಟಗಳಲ್ಲಿ

ಮೂಲ ದೊರೆಯದಿದ್ದರೂ ಈ ಪದ ನಡೆದು ಬಂದ ಹಾದಿ ಚೆನ್ನಾಗಿ ದೊರೆಯುತ್ತದೆ. ಸುಮಾರು 1300ರ ಹೊತ್ತಿಗೆ ಇಂಗ್ಲಿಷ್ ಬರವಣಿಗೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಆಗ ಅದರ ಅರ್ಥ ‘ರೂಢಿ, ವಾಡಿಕೆ’ ಎಂದಷ್ಟೇ. ‘ಬೈ ರೋಟ್’ ಎಂದರೆ ‘ನೆನಪಿನಿಂದ’ ಎಂದಾಗಿತ್ತು.

ಇಂಗ್ಲಿಷಿನ ಆದಿಕವಿಯೆಂದು ಹಲವರು ಗೌರವಿಸುವ ಜೆಫ್ರಿ ಚಾಸರ್ 1400ರಲ್ಲಿ ತೀರಿಕೊಂಡನು. ಅವನ ‘ಕ್ಯಾಂಟರ್ಬರಿ ಟೇಲ್ಸ್’ ಎಂಬುದು ಯಾತ್ರಿಕರು ದಾರಿ ಸಾಗಲೆಂದು ಒಬ್ಬರಿಗೊಬ್ಬರು ಹೇಳಿದ ಕಥೆಗಳ ಸಂಗ್ರಹ. ಅದರ ಪೀಠಿಕೆಯಲ್ಲಿ ಬರುವ ಸನ್ಯಾಸಿಯೊಬ್ಬನು ‘ರೋಟ್’ ಎಂಬ ವಾದ್ಯವನ್ನು ನುಡಿಸಬಲ್ಲವನು. ಅದೇ ಪೀಠಿಕೆಯ ವಕೀಲನಿಗೆ ದೇಶದ ಕಾನೂನುಗಳೆಲ್ಲ ‘ಬೈ ರೋಟ್’ ಬರುತ್ತಿದ್ದವು. ಹೀಗೆ ಒಂದೇ ಪೀಠಿಕೆಯಲ್ಲಿ ಎರಡು ಬೇರೆ ಬೇರೆ ‘ರೋಟ್’ಗಳು! ವಕೀಲನ ವಿಷಯದಲ್ಲಿ ಆ ಮಾತು ಅವನ ಸಾಮರ್ಥ್ಯದ ಪಟ್ಟಿಯಲ್ಲಿ ಬರುತ್ತದೆ. ಅರ್ಥ ತಿಳಿಯದೆ ಕಲಿತವನು ಎಂಬ ದೂರು ಅದರಲ್ಲಿಲ್ಲ.

ಅದೇ ಗ್ರಂಥದಲ್ಲಿ ಕ್ರೈಸ್ತ ಸನ್ಯಾಸಿನಿಯೊಬ್ಬಳು ಹೇಳುವ ಕಥೆಯಲ್ಲಿ ಏಳು ವರ್ಷದ ಶಾಲಾಬಾಲಕನೊಬ್ಬನು ಬರುತ್ತಾನೆ. ಅವನು ತನ್ನ ಮೊದಲ ಪುಸ್ತಕವನ್ನು ಹಿಡಿದು ಕುಳಿತಿರುವಾಗ ದೊಡ್ಡ ಹುಡುಗರು ಹಾಡುತ್ತಿರುವ ಲ್ಯಾಟಿನ್ ಸ್ತೋತ್ರವೊಂದು ಕಿವಿಗೆ ಬೀಳುತ್ತದೆ. ಅವನಿಗೆ ಲ್ಯಾಟಿನ್ ಬಾರದು. ಮೆಲ್ಲನೆ ಹತ್ತಿರ ಸರಿದು, ಕೇಳಿ ಕೇಳಿ, ಮೊದಲ ನುಡಿಯನ್ನು ಪೂರ್ತಿ ‘ಬೈ ರೋಟ್’ ಕಲಿತುಬಿಡುತ್ತಾನೆ. ಆಮೇಲೆ ಅವನು ಮಾಡಿದ ಕೆಲಸವನ್ನು ಗಮನಿಸಬೇಕು. ತನಗಿಂತ ದೊಡ್ಡ ಗೆಳೆಯನ ಮುಂದೆ ಮೊಣಕಾಲೂರಿ, ಈ ಹಾಡಿನ ಅರ್ಥವನ್ನು ನನ್ನ ಭಾಷೆಯಲ್ಲಿ ಹೇಳು ಎಂದು ಬೇಡುತ್ತಾನೆ. ಗೆಳೆಯನಾದರೋ, ಇದು ದೇವಮಾತೆಯ ಸ್ತುತಿಯೆಂದು ಕೇಳಿದ್ದೇನೆ, ಹೆಚ್ಚು ಹೇಳಲಾರೆ, ನಾನು ಕಲಿಯುತ್ತಿರುವುದು ಹಾಡು, ವ್ಯಾಕರಣ ಅಷ್ಟಾಗಿ ಬಾರದು ಎನ್ನುತ್ತಾನೆ. ಆ ತುಂಡು ಅರ್ಥ ಸಿಕ್ಕಿದ ಮೇಲೆ ಹುಡುಗನ ಉತ್ಸಾಹ ಇಮ್ಮಡಿಯಾಗುತ್ತದೆ. ಪುಸ್ತಕದ ಪಾಠ ಬಿಟ್ಟದ್ದಕ್ಕೆ ಗಂಟೆಗೆ ಮೂರು ಬಾರಿ ಪೆಟ್ಟು ತಿಂದರೂ ಸರಿ, ಇದನ್ನು ಪೂರ್ತಿ ಕಲಿಯುವೆನೆಂದು ನಿಶ್ಚಯಿಸುತ್ತಾನೆ.

ಆರು ನೂರು ವರ್ಷಗಳಿಗೂ ಹಿಂದಿನ ಈ ಹುಡುಗ ನಮಗೆ ನಮ್ಮ ಹಿಂದಿನ ಬೆಂಚಿನ ಹುಡುಗಿಯಂತೆಯೇ ಕಾಣುತ್ತಾನೆ. ಬಾಯಿಗೆ ಬಂದ ಮೇಲೂ ಇಬ್ಬರಿಗೂ ತೃಪ್ತಿಯಾಗಲಿಲ್ಲ, ಅರ್ಥ ಬೇಕಾಯಿತು.

ಹೊಗಳಿಕೆ ಬೈಗಳಾದದ್ದು

ಚಾಸರನ ಸುಮಾರು 200 ವರ್ಷಗಳ ಬಳಿಕ ಶೇಕ್ಸ್‌ಪಿಯರ್ ಇದೇ ಪದವನ್ನು ಬಳಸಿದಾಗ ಅದರ ಮುಖ ಬದಲಾಗಿದೆ. ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ವೃದ್ಧ ಗುರುವೊಬ್ಬನು ರೋಮಿಯೋನನ್ನು ಮೂದಲಿಸುತ್ತಾನೆ. ನಿನ್ನ ಹಿಂದಿನ ಪ್ರೇಮ ಅಕ್ಷರ ಕೂಡಿಸಲು ಬಾರದವನು ಬಾಯಿಪಾಠದಿಂದ ಓದಿದಂತಿತ್ತು ಎಂಬುದು ಆ ಮಾತಿನ ಭಾವ. ಪುಸ್ತಕವನ್ನು ಎದುರಿಗಿಟ್ಟುಕೊಂಡು, ಓದುವವನಂತೆ ನಟಿಸಿ, ನೆನಪಿನಿಂದ ಹೇಳುತ್ತಿರುವ ಹುಡುಗನ ಚಿತ್ರವಿದು. ಇಂಥ ಹುಡುಗರನ್ನು ಶೇಕ್ಸ್‌ಪಿಯರ್ ಕಂಡಿದ್ದಿರಬೇಕು. ಯಾವ ಮಾಸ್ತರರು ಕಂಡಿಲ್ಲ!

ಒಂದು ಪದ ಹೀಗೆ ಕೆಳಗಿಳಿಯಲು ಕಾರಣವೇನು? ನಮಗೆ ತೋರುವುದು ಹೀಗೆ. ಚಾಸರನ ಕಾಲದಲ್ಲಿ ಪುಸ್ತಕವೆಂದರೆ ಕೈಬರಹ, ಬೆಲೆ ಬಹಳ. ನೆನಪೇ ಮನುಷ್ಯನ ಪುಸ್ತಕಭಂಡಾರ. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿನಲ್ಲಿ ಮುದ್ರಣಯಂತ್ರವನ್ನು ಹೂಡಿದನು. ಅಚ್ಚಿನ ಪುಸ್ತಕ ಕೈಗೆ ಬಂದ ಮೇಲೆ ಮಾತನ್ನು ಕಾಯುವ ಹೊಣೆ ಕಾಗದದ್ದಾಯಿತು. ಅದನ್ನು ತಿಳಿಯುವ ಹೊಣೆ ಮನುಷ್ಯನದ್ದಾಗಿ ಉಳಿಯಿತು. ಕಾಗದ ಮಾಡುವಷ್ಟನ್ನೇ ಮಾಡುವ ಮನುಷ್ಯನಿಗೆ ಬೆಲೆ ಇಳಿದದ್ದು ಸಹಜವೇ.

ಇಂಗ್ಲೆಂಡಿನ ಶಾಲೆಗಳು ಮಾತ್ರ ಈ ರೋಗದಿಂದ ಬೇಗ ಬಿಡಿಸಿಕೊಳ್ಳಲಿಲ್ಲ. 1862ರಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿಯ ಮುಂದಾಳತ್ವದಲ್ಲಿ ಅಲ್ಲಿ ಹೊಸ ಕಟ್ಟಳೆಯೊಂದು ಜಾರಿಗೆ ಬಂದಿತು. ಇನ್‌ಸ್ಪೆಕ್ಟರರು ವರ್ಷಕ್ಕೊಮ್ಮೆ ಬಂದು ಓದು, ಬರಹ, ಲೆಕ್ಕ ಮೂರರಲ್ಲಿ ಮಕ್ಕಳನ್ನು ಪರೀಕ್ಷಿಸುವುದು. ಮಗುವೊಂದು ಒಂದು ವಿಷಯದಲ್ಲಿ ತಪ್ಪಿದರೆ ಶಾಲೆಯ ಅನುದಾನದಿಂದ 2 ಷಿಲಿಂಗ್ 8 ಪೆನ್ಸ್ ಕಡಿತ. ಮಾಸ್ತರರ ಅನ್ನ ಮಕ್ಕಳ ನಾಲಗೆಯ ಮೇಲೆ ಕುಳಿತಿತು. ಪರಿಣಾಮ ಏನಾಗಬೇಕೋ ಅದೇ ಆಯಿತು. ಕವಿಯೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ತಮ್ಮ ವರದಿಗಳಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ನಿಜವಾಗಿ ಓದಲು, ಬರೆಯಲು, ಲೆಕ್ಕ ಮಾಡಲು ಬಾರದ ಮಕ್ಕಳನ್ನೂ ಜಾಣ ತಯಾರಿಯಿಂದ ಪರೀಕ್ಷೆ ದಾಟಿಸಬಹುದಾಗಿದೆ ಎಂಬುದು ಅವರ ಆರೋಪದ ತಿರುಳು. ಆ ವ್ಯವಸ್ಥೆ ಪೂರ್ತಿ ಅಳಿಯುವಾಗ 1890ರ ದಶಕ ಕಳೆಯುತ್ತಾ ಬಂದಿತ್ತು.

ನಮ್ಮ ನುಡಿಗಳಲ್ಲಿ

ಈಗ ನಮ್ಮ ಸುತ್ತಲಿನ ಮಾತುಗಳನ್ನು ನೋಡೋಣ. ಕನ್ನಡದಲ್ಲಿ ಬಾಯಿಪಾಠ, ಕಂಠಪಾಠ ಎನ್ನುತ್ತೇವೆ. ಇಂಗ್ಲಿಷರು ಹೃದಯ ಎಂದಲ್ಲಿ ನಾವು ಬಾಯಿ, ಕಂಠ ಎಂದೆವು. ಅವರ ‘ರೆಕಾರ್ಡ್’ ಎಂಬ ಪದದ ಒಳಗೂ ಲ್ಯಾಟಿನ್ನಿನ ಹೃದಯವಾಚಕ ಪದವೇ ಅಡಗಿದೆ. ನಿಂದೆಗೆ ನಮ್ಮಲ್ಲಿ ಬೇರೆ ಮಾತುಗಳಿವೆ: ಗಿಳಿಪಾಠ, ಉರು ಹೊಡೆಯುವುದು. ಇಂಗ್ಲಿಷಿನ ‘ರೋಟ್’ ಎಂಬುದಕ್ಕೆ ಸರಿಜೋಡಿ ‘ಬಾಯಿಪಾಠ’ವಲ್ಲ, ಈ ‘ಉರು ಹೊಡೆಯುವುದು’ ಎಂದೇ ನಮ್ಮ ಅಭಿಪ್ರಾಯ. ಕಾಸರಗೋಡಿನ ಮಕ್ಕಳಾದ ನಿಮ್ಮ ಕಿವಿಗೆ ಮಲಯಾಳವೂ ದಿನವೂ ಬೀಳುತ್ತದೆ. ಅಲ್ಲಿ ಮತ್ತೆ ಮತ್ತೆ ಹೇಳುವುದಕ್ಕೆ ‘ಉರುವಿಡುಕ’ ಎನ್ನುತ್ತಾರೆ. ತಮಿಳಿನಲ್ಲಿಯೂ ‘ಉರು’ ಇದೆ. ಮಲಯಾಳದಲ್ಲಿ ಇನ್ನೊಂದು ಸೊಗಸಾದ ಮಾತು ‘ಕಾಣಾಪ್ಪಾಠಂ’, ಎಂದರೆ ಪುಸ್ತಕ ನೋಡದೆ ಹೇಳುವ ಪಾಠ. ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಿಮಗೆ ಇಂಥ ಹೋಲಿಕೆ ಸುಲಭ. ಒಂದೇ ಭಾಷೆಯವರಿಗೆ ಈ ಭಾಗ್ಯವಿಲ್ಲ.

ಬಾಯಿಪಾಠವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ವೇದವನ್ನು ನಮ್ಮ ದೇಶದಲ್ಲಿ ಬರಹದ ಆಸರೆಯಿಲ್ಲದೆ ಕಂಠದಲ್ಲಿಯೇ ಕಾಪಾಡಿಕೊಂಡು ಬಂದರು. ಅದಕ್ಕಾಗಿ ಪದಪಾಠ, ಕ್ರಮಪಾಠ, ಜಟಾಪಾಠ, ಘನಪಾಠ ಎಂಬ ಕ್ರಮಗಳನ್ನು ಕಟ್ಟಿದರು. ಕ್ರಮಪಾಠದಲ್ಲಿ ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಕೂಡಿಸಿ ಹೇಳುತ್ತಾರೆ. ಜಟೆಯಲ್ಲಿ ಮುಂದಕ್ಕೂ ಹಿಂದಕ್ಕೂ ಹೆಣೆಯುತ್ತಾರೆ. ಒಂದು ಸ್ವರವೂ ಜಾರದಂತೆ ಇದೊಂದು ಕಾವಲು. ಆದರೂ ಅದೇ ಪರಂಪರೆಯ ನಿರುಕ್ತಕಾರ ಯಾಸ್ಕರು, ವೇದವನ್ನು ಓದಿ ಅರ್ಥ ತಿಳಿಯದವನನ್ನು ಹೊರೆ ಹೊತ್ತ ಕಂಬಕ್ಕೆ ಹೋಲಿಸುವ ಮಾತನ್ನು ತಮ್ಮ ಗ್ರಂಥದಲ್ಲಿ ಎತ್ತಿಕೊಂಡಿದ್ದಾರೆ. ವೈದ್ಯಗ್ರಂಥವಾದ ಸುಶ್ರುತಸಂಹಿತೆಯಲ್ಲಿ ಹೋಲಿಕೆ ಗಂಧದ ಹೊರೆ ಹೊತ್ತ ಕತ್ತೆಯದು: ಅದಕ್ಕೆ ಭಾರ ತಿಳಿಯುತ್ತದೆ, ಗಂಧ ತಿಳಿಯುವುದಿಲ್ಲ.

ಮಗ್ಗಿಯ ಮಾತೂ ಹೀಗೆಯೇ. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂದು ರಾಗವಾಗಿ ಹೇಳಿದವರಿಗೆ ಅಂಗಡಿಯ ಲೆಕ್ಕ ಬೆರಳ ತುದಿಯಲ್ಲಿರುತ್ತದೆ. ಹಿಂದಿನವರು ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನೂ ಹೇಳುತ್ತಿದ್ದರು. ಆದರೆ ಏಳೆಂಟ್ಲ ಐವತ್ತಾರು ಎಂದರೆ ಏಳೇಳು ಕಾಯಿಗಳ ಎಂಟು ರಾಶಿ ಎಂಬುದನ್ನು ಒಮ್ಮೆಯಾದರೂ ಕಣ್ಣಿನಿಂದ ಕಂಡಿರಬೇಕು.

ನೆನಪಿನ ಲೆಕ್ಕ

ಬಾಯಿಪಾಠದ ಲಾಭನಷ್ಟವನ್ನು ಅಳೆದು ನೋಡಿದ ವಿಜ್ಞಾನಿಯೊಬ್ಬರಿದ್ದಾರೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅವರು ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಸುಮಾರು 2300 ಅರ್ಥವಿಲ್ಲದ ಉಚ್ಚಾರಗಳನ್ನು ಕಲ್ಪಿಸಿ, ಅವುಗಳನ್ನು ಸಾಲುಸಾಲಾಗಿ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ದಾಖಲಿಸಿದರು. 1885ರಲ್ಲಿ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರ ಲೆಕ್ಕದಂತೆ ಕಲಿಕೆಯ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಗಂಟೆಯಲ್ಲಿ ವ್ಯರ್ಥವಾಗುತ್ತದೆ. ಒಂದು ದಿನ ಕಳೆದರೆ ಸುಮಾರು ಮೂರರಲ್ಲಿ ಎರಡು ಭಾಗ. ಒಂದು ತಿಂಗಳಿಗೆ ಸುಮಾರು ಐದರಲ್ಲಿ ನಾಲ್ಕು ಭಾಗ.

ಅನಂತರ ಅವರು ಇಂಗ್ಲಿಷ್ ಕವಿ ಬೈರನ್ನನ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನು ಕಲಿತು ನೋಡಿದರು. ಇಂಗ್ಲಿಷ್ ಅವರ ತಾಯ್ನುಡಿಯಲ್ಲ. ಆದರೂ ಅಷ್ಟೇ ಉದ್ದದ ಅರ್ಥಹೀನ ಸಾಲಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಭಾಗದಲ್ಲಿ ಪದ್ಯ ಕಂಠಸ್ಥವಾಯಿತು! ಅರ್ಥ, ಲಯ, ಪ್ರಾಸ ಇವು ಕೈಹಿಡಿದು ನಡೆಸಿದವು. ಇನ್ನೊಂದು ಪ್ರಯೋಗದಲ್ಲಿ, ಒಂದೇ ದಿನ 68 ಸಲ ಹೇಳಿದ್ದಕ್ಕೆ ಸಿಕ್ಕಿದಷ್ಟೇ ಫಲ, ಮೂರು ದಿನಗಳಲ್ಲಿ ಹಂಚಿ 38 ಸಲ ಹೇಳಿದ್ದಕ್ಕೂ ಸಿಕ್ಕಿತು.

ಪರೀಕ್ಷೆಯ ಹಿಂದಿನ ರಾತ್ರಿ ಸೀಮೆಎಣ್ಣೆಯ ದೀಪದಲ್ಲಿ ಕುಳಿತು ಓದಿದವರು ನಾವು. ಟ್ಯೂಬ್‌ಲೈಟಿನ ಕೆಳಗೆ ಅದನ್ನೇ ಮಾಡುತ್ತಿರುವವರು ನೀವು. ಇಬ್ಬರಿಗೂ ಈ ಲೆಕ್ಕ ಒಂದೇ. ಅರ್ಥ ತಿಳಿದು ಕಲಿಯುವುದು ಬುದ್ಧಿವಂತರ ಸೊಗಸಲ್ಲ, ಸಮಯವಿಲ್ಲದ ಬಡವನ ಉಳಿತಾಯ.

ಒಂದು ಪತ್ರ

ಈಗ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾವು ಬೇರೊಂದು ಶಾಲೆಯಲ್ಲಿದ್ದೆವು. ಅರ್ಧವಾರ್ಷಿಕ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ, ಶಾಲಾ ಪ್ರವಾಸಕ್ಕೆ ಅನುಮತಿಯನ್ನೂ ಹಣವನ್ನೂ ಕೇಳಿ ನಿಮ್ಮ ತಂದೆಗೆ ಪತ್ರ ಬರೆಯಿರಿ ಎಂಬ ಪ್ರಶ್ನೆ ಕೊಟ್ಟಿದ್ದೆವು. ಒಬ್ಬ ಹುಡುಗಿಯ ಉತ್ತರ ಅಚ್ಚು ಹಾಕಿದಂತಿತ್ತು. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಮೇಲ್ತುದಿಯಲ್ಲಿ ಗೈಡಿನಲ್ಲಿದ್ದಂತೆ ‘ಬೆಂಗಳೂರು’ ಎಂದಿತ್ತು. ಅದೊಂದಕ್ಕೆ ಅರ್ಧ ಅಂಕ ಕಳೆದು ಐದಕ್ಕೆ ನಾಲ್ಕೂವರೆ ಕೊಟ್ಟೆವು.

ಪತ್ರಿಕೆಗಳನ್ನು ಹಂಚುವಾಗ ಅದನ್ನು ತರಗತಿಗೆ ಓದಿ ತೋರಿಸಿ ಹೊಗಳಿದೆವು. ಆಗ ಅವಳ ಪಕ್ಕದ ಹುಡುಗಿ ತಗ್ಗಿದ ದನಿಯಲ್ಲಿ, “ಮಾಸ್ಟ್ರೇ, ಅವಳ ಅಪ್ಪ ತೀರಿಹೋಗಿ ಎರಡು ವರ್ಷ ಆಯಿತು” ಎಂದಳು.

ನಮಗೆ ಅದು ತಿಳಿಯದ ವಿಷಯವಾಗಿರಲಿಲ್ಲ. ಅಂದು ಅವಳ ಮನೆಗೆ ನಾವೂ ಹೋಗಿದ್ದೆವು. ಆದರೂ ಪ್ರಶ್ನೆ ಬರೆಯುವಾಗ ನೆನಪಾಗಲಿಲ್ಲ, ಉತ್ತರ ತಿದ್ದುವಾಗಲೂ ನೆನಪಾಗಲಿಲ್ಲ. ಪ್ರತಿ ವರ್ಷದ ಪ್ರಶ್ನೆ ಅದು. ಪ್ರತಿ ವರ್ಷದಂತೆ ಕೈ ಬರೆಯಿತು. ಅವಳು ಬಾಯಿಪಾಠದಿಂದ ಬರೆದಿದ್ದಳು, ನಾವು ಬಾಯಿಪಾಠದಿಂದ ಅಂಕ ಹಾಕಿದ್ದೆವು. ಪತ್ರದಲ್ಲಿ ಏನಿದೆ ಎಂದು ಆಮೇಲೆ ಮೆಲ್ಲಗೆ ಕೇಳಿದರೆ, ಅದು ಅಪ್ಪನಿಗೆ ಬರೆಯುವ ಪತ್ರ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಆ ಸಂಜೆ ಅವಳನ್ನು ಕೂರಿಸಿಕೊಂಡು, “ನಿನ್ನ ಅಮ್ಮನಿಗೆ ಬರೆ ಮಗಾ, ನಿನಗೆ ಬಂದಷ್ಟು ಇಂಗ್ಲಿಷಿನಲ್ಲಿ” ಎಂದೆವು. ಬಹಳ ಹೊತ್ತು ಯೋಚಿಸಿ ಐದು ಸಾಲು ಬರೆದಳು. ಏಳೋ ಎಂಟೋ ತಪ್ಪುಗಳಿದ್ದವು. ಪ್ರವಾಸ ಎರಡು ದಿನದ್ದು, ಹಣ ಈಗಲೇ ಬೇಡ, ಶನಿವಾರ ಬೀಡಿಯ ಮಜೂರಿ ಸಿಕ್ಕಿದ ಮೇಲೆ ಕೊಟ್ಟರೆ ಸಾಕು, ಮಾಸ್ಟ್ರು ಕಾಯುತ್ತಾರೆ ಎಂದಿತ್ತು. ನಾವು ಅದಕ್ಕೆ ಅಂಕ ಹಾಕಲಿಲ್ಲ. ಜೊತೆಗೆ ಕುಳಿತು ತಪ್ಪುಗಳನ್ನು ತಿದ್ದಿದೆವು. ಅವಳು ಇಂಗ್ಲಿಷಿನಲ್ಲಿ ಬರೆದ ಮೊದಲ ಪತ್ರ ಅದೇ ಎಂದು ನಾವು ಲೆಕ್ಕ ಹಾಕುತ್ತೇವೆ. ಅಲ್ಲಿಂದ ಮುಂದೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ‘ತಂದೆಗೆ’ ಎಂದು ಬರೆಯುವುದನ್ನು ಬಿಟ್ಟು ‘ಮನೆಯವರಲ್ಲಿ ಒಬ್ಬರಿಗೆ’ ಎಂದು ಬರೆಯುತ್ತಿದ್ದೇವೆ.

ಪದ್ಯ ಬಾಯಿಗೆ, ಅರ್ಥ ನಮ್ಮದು

ಹಾಗಾದರೆ ಏನು ಮಾಡಬೇಕು? ದಾರಿಯನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರು ನಾವು. ತಾಳಮದ್ದಳೆಯನ್ನು ರಾತ್ರಿಯಿಡೀ ಕುಳಿತು ಕೇಳಿದವರ ಮಕ್ಕಳು ನೀವು. ಅಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇದ್ದಂತೆಯೇ ಇರುತ್ತದೆ. ಆದರೆ ಅರ್ಥಧಾರಿಯ ಮಾತು ಆ ಕ್ಷಣದಲ್ಲಿ ಹುಟ್ಟಬೇಕು. ಎದುರಿನವನು ಕೇಳಿದ ಪ್ರಶ್ನೆಗೆ ನಿನ್ನೆಯ ಉತ್ತರ ಕೊಟ್ಟರೆ ಸಭೆ ನಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯರು ಹೆಸರಾದದ್ದು ಪದ್ಯ ನೆನಪಿದ್ದುದರಿಂದಲ್ಲ, ಅದರ ಅರ್ಥವನ್ನು ಬಗೆದು ತೆಗೆದುದರಿಂದ. ಪದ್ಯವೇ ಗೊತ್ತಿಲ್ಲದವನಿಗೆ ಅರ್ಥ ಹೇಳಲು ಬಾರದು ಎಂಬುದೂ ಅಷ್ಟೇ ನಿಜ.

ಇಂಗ್ಲಿಷ್ ಪಾಠಕ್ಕೂ ಇದೇ ಕ್ರಮವನ್ನು ಹಿಡಿಯಿರಿ. ಪದಗಳ ಕಾಗುಣಿತ, ಕ್ರಿಯಾಪದಗಳ ಮೂರು ರೂಪ, ಒಳ್ಳೆಯ ಪದ್ಯ, ಮಗ್ಗಿ, ಸೂತ್ರ ಇವು ಬಾಯಿಗೆ ಬರಲಿ. ಪ್ರಶ್ನೆಯ ಉತ್ತರವನ್ನು ಮಾತ್ರ ಬಾಯಿಪಾಠ ಮಾಡಬೇಡಿ. ಮೊದಲು ಪುಸ್ತಕ ಮುಚ್ಚಿ, ಅದರ ಸಾರವನ್ನು ಮನೆಯವರಿಗೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಲಯಾಳದಲ್ಲಿಯೋ ಹೇಳಿ ನೋಡಿ. ಅಜ್ಜಿಗೆ ತಿಳಿಯಿತೆಂದರೆ ನಿಮಗೂ ತಿಳಿದಿದೆ. ಆಮೇಲೆ ನಿಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆಯಿರಿ. ತಪ್ಪು ಬಂದೀತು, ಬರಲಿ. ತಪ್ಪನ್ನು ತಿದ್ದಬಹುದು. ತಪ್ಪೇ ಇಲ್ಲದ ಪರರ ಪತ್ರದಲ್ಲಿ ನಮಗೆ ತಿದ್ದಲು ಏನೂ ಸಿಗುವುದಿಲ್ಲ. ಓದಿದ್ದನ್ನು ಮೂರು ದಿನಗಳಲ್ಲಿ ಹಂಚಿಕೊಂಡು ನೆನಪಿಸಿಕೊಳ್ಳಿ. ಮತ್ತು ತರಗತಿಯಲ್ಲಿ ಒಂದು ಪದದ ಒಳಗೆ ‘ಎಂತ ಉಂಟು’ ಎಂದು ಕೇಳಬೇಕೆನಿಸಿದರೆ ಎದ್ದು ನಿಂತು ಕೇಳಿ. ಮಾಸ್ತರರಿಗೆ ಉತ್ತರ ಬಾರದಿದ್ದರೆ ಅವರೂ ನಿಘಂಟು ತೆರೆಯುತ್ತಾರೆ.

ಕೊನೆಗೆ ಅಭ್ಯಾಸಕ್ಕಾಗಿ ಒಂದು ಕೆಲಸ. ಮುಂದಿನ ವಾರ ಮನೆಯಲ್ಲಿ ಒಬ್ಬರಿಗೆ ಇಂಗ್ಲಿಷಿನಲ್ಲಿ ಐದು ಸಾಲಿನ ಪತ್ರ ಬರೆದು ನಮಗೆ ತೋರಿಸಿ. ಯಾರಿಗೆ ಬರೆಯಬೇಕೆಂಬುದು ನಿಮಗೆ ಬಿಟ್ಟದ್ದು. ಮೇಲ್ತುದಿಯಲ್ಲಿ ನಿಮ್ಮ ಊರಿನ ಹೆಸರಿರಲಿ.